ಕೊಡುವವರ ಮಾತು

ತಂಗಿ ಆಸ್ಪತ್ರೆಯ ಚೀಲವನ್ನು ಮತ್ತೊಮ್ಮೆ ಮಂಚದ ಮೇಲೆ ಸುರಿದಳು. ಬಾಚಣಿಗೆ, ಟವೆಲು, ಕಾಲುಚೀಲ, ಅರ್ಧ ಉಳಿದ ಮಾತ್ರೆಗಳು, ಮುಚ್ಚಳ ಸಡಿಲವಾದ ಫ್ಲಾಸ್ಕು. ಕನ್ನಡಕ ಮಾತ್ರ ಇಲ್ಲ.

"ಬಿಡಮ್ಮಾ, ಗಾಡಿ ಬಂದು ನಿಂತಿದೆ," ಎಂದರು ಬಾಗಿಲಲ್ಲಿ ನಿಂತ ಪಕ್ಕದ ಮನೆಯಾಕೆ. "ಇನ್ನು ಕನ್ನಡಕ ಹಾಕ್ಕೊಂಡು ಅವರು ಏನು ಓದಬೇಕಾಗಿದೆ? ತಗೋ, ಎರಡು ಗುಟುಕು ಕಾಫಿ ಕುಡಿ. ಬೆಳಗಿನಿಂದ ಬರೀ ಹೊಟ್ಟೇಲಿದೀಯ."

ಆಕೆಯ ನಾಲಿಗೆ ಒರಟು, ಮನಸ್ಸು ಮೆತ್ತಗೆ. ತಂಗಿ ಲೋಟ ತೆಗೆದುಕೊಂಡಳು, ಕುಡಿಯಲಿಲ್ಲ. ಹಜಾರದಲ್ಲಿ ಪೆಟ್ಟಿಗೆಯೊಳಗೆ ಮಲಗಿದ್ದ ಅಕ್ಕನ ಮುಖ ಅವಳಿಗೆ ಬೇರೆ ಯಾರದೋ ಮುಖದ ಹಾಗೆ ಕಾಣುತ್ತಿತ್ತು. ಮೂಗಿನ ಎರಡು ಬದಿಗೂ ಕನ್ನಡಕ ಒತ್ತಿದ ಗುರುತು ಇನ್ನೂ ಹಾಗೇ ಇತ್ತು. ಗುರುತು ಇದೆ, ಗುರುತು ಮಾಡಿದ್ದು ಇಲ್ಲ. ಇಂಥದ್ದನ್ನೇ ಹಿಡಿದುಕೊಂಡು ಅಕ್ಕ ಜೀವಮಾನವೆಲ್ಲ ದುಡಿದಿದ್ದಳು.

ಅವಳು ನಿಘಂಟು ಕಚೇರಿಯಲ್ಲಿದ್ದಳು. ಮಣ್ಣಿನ ಹಲಗೆಗಳ ಮೇಲೆ, ಬಂಡೆಗಳ ಮೇಲೆ ಮಾತ್ರ ಉಳಿದ ಭಾಷೆಗಳಿಗೆ ಅಲ್ಲಿ ನಿಘಂಟು ಮಾಡುತ್ತಿದ್ದರು. "ಆ ಭಾಷೆ ಆಡೋರೇ ಇಲ್ಲ ಅಂದಮೇಲೆ ನಿಘಂಟು ಯಾರಿಗೆ?" ಎಂದು ಪಕ್ಕದ ಮನೆಯಾಕೆ ಒಮ್ಮೆ ಕೇಳಿದ್ದರು. "ಜಗಳ ಆಡೋಕೆ ನಾವಿಬ್ಬರು ಇದೀವಲ್ಲ," ಎಂದಿದ್ದಳು ಅಕ್ಕ. ಇಬ್ಬರಲ್ಲಿ ಇನ್ನೊಬ್ಬರು ಯಾರೆಂದು ತಂಗಿಗೆ ಚೆನ್ನಾಗಿ ಗೊತ್ತಿತ್ತು.

ಆ ಇನ್ನೊಬ್ಬರು ಚಿತಾಗಾರದ ಕಾಯುವ ಕೋಣೆಯಲ್ಲಿ, ಕೊನೆಯ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ತೆಳ್ಳಗಿನ ಮುದುಕರು, ದಪ್ಪ ಗಾಜಿನ ಕನ್ನಡಕ, ತೊಡೆಯ ಮೇಲೆ ಮಡಿಸಿದ ಛತ್ರಿ. ಕಚೇರಿಯ ಉಳಿದವರು ಮುಂದೆ ಕೂತು ಪಿಸುಗುಡುತ್ತಿದ್ದರು. ಇವರ ಪಕ್ಕದ ಕುರ್ಚಿಗಳು ಖಾಲಿ. ಅಕ್ಕ ಇವರಿಗೆ ಇಟ್ಟ ಹೆಸರು ಪೂರ್ವಪಕ್ಷ. ವಾದ ಮಾಡುವವರು ಎದುರಾಳಿಯ ಮಾತನ್ನು ಮೊದಲು ಹೇಳಿ ಆಮೇಲೆ ಮುರಿಯುತ್ತಾರಲ್ಲ, ಆ ಮುರಿಸಿಕೊಳ್ಳುವ ಮಾತಿಗೆ ಪೂರ್ವಪಕ್ಷ ಎನ್ನುತ್ತಾರೆ. "ಇವತ್ತು ಪೂರ್ವಪಕ್ಷಕ್ಕೆ ನೆಗಡಿ, ರಜ ಹಾಕಿದಾರೆ, ಕಚೇರಿ ಸಪ್ಪೆ," ಎಂದು ಅಕ್ಕ ಮನೆಗೆ ಬಂದು ಮುಖ ಸಣ್ಣದು ಮಾಡುತ್ತಿದ್ದಳು.

ಅವರು ಎದ್ದು ಬಂದು ತಂಗಿಯ ಮುಂದೆ ನಿಂತರು. "ನಾನು ನಿಮ್ಮ ಅಕ್ಕನ ಜೊತೆ..."

"ಗೊತ್ತು," ಎಂದಳು ತಂಗಿ. "ಉಪ್ಪಿನ ಡಬ್ಬಿ."

ಪೂರ್ವಪಕ್ಷದ ಕಿವಿ ಕೆಂಪಾಯಿತು. ಅವರು ವಾಪಸು ಹೋಗಿ ತಮ್ಮ ಕುರ್ಚಿಯಲ್ಲಿ ಕೂತರು.

*

ವರ್ಷಗಳ ಹಿಂದಿನ ಒಂದು ಸಂಜೆ ಅಕ್ಕ ತಂಗಿ ಊಟಕ್ಕೆ ಕೂತಿದ್ದರು. ತಂಗಿ ಹೊಲಿಗೆ ಅಂಗಡಿಯಲ್ಲಿ ಹಳೆ ಬಟ್ಟೆ ಬಿಚ್ಚಿ ಹೊಸ ಅಳತೆಗೆ ಕೂರಿಸುವ ಕೆಲಸದವಳು. ಅವತ್ತು ಯಾರದೋ ಕೋಟು ಬಿಚ್ಚಿ ಬಿಚ್ಚಿ ಅವಳ ಕಣ್ಣು ಸೋತಿತ್ತು. ಅಕ್ಕನ ಮಾತು ಎಂದಿನಂತೆ ಅನಟೋಲಿಯ, ಅಂದರೆ ಈಗಿನ ಟರ್ಕಿಯ ಹಳೆಯ ನಾಡು, ಬಿಟ್ಟು ಕದಲಿರಲಿಲ್ಲ.

"ಪಾಯಿ ಅಂದ್ರೆ ಹಿಟ್ಟೈಟ್ ಭಾಷೇಲಿ 'ಕೊಡು'. ಲೂವಿಯನ್ನಲ್ಲಿ ಪಿಯ. ಲಿಸಿಯನ್ನರ ಗೋರಿಗಳ ಮೇಲೆ ಪಿಯೆ. ಲಿಡಿಯನ್ನರು 'ಪ' ಬಿಟ್ಟು 'ಬಿ' ಅಂತಾರೆ. ಎಲ್ಲ ಒಂದೇ ತಾಯಿ ಮಕ್ಕಳು. ತಾಯಿ ಹೇಗಿದ್ದಳು ಅನ್ನೋದು ಪ್ರಶ್ನೆ."

"ನೀನೇ ಹೇಳು. ನನಗೆ ಹಸಿವು."

"ಈ ಪಾಯಿ ಇಡೀ ಬಟ್ಟೆ ಅಲ್ಲ ಕಣೇ, ಎರಡು ತುಂಡು ಸೇರಿಸಿ ಹೊಲಿದದ್ದು. ಮೊದಲನೇ ತುಂಡು ಅಂದ್ರೆ 'ಅತ್ತ'. ಎರಡನೇದು ಏನು ಅನ್ನೋದೇ ತಕರಾರು. ದೂರದ ನೆಂಟ ಭಾಷೆಯೊಂದರಲ್ಲಿ ಅದಕ್ಕೆ 'ಕೊಡು' ಅಂತ ಅರ್ಥ, ಇನ್ನೊಂದರಲ್ಲಿ 'ತಗೋ' ಅಂತ. ತಗೋ ಅನ್ನೋದೇ ಹಳೇದು, ಅತ್ತ ತಗೋ ಅನ್ನೋದೇ ಕೊಡು ಆಯ್ತು ಅಂತ ನಾನು. ಕೊಡೋದರ ಒಳಗೆ ತಗೊಳ್ಳೋದು ಹೇಗೆ ಕೂರುತ್ತೆ ಅಂತ ಪೂರ್ವಪಕ್ಷ. ಉಪ್ಪು ಕಮ್ಮಿಯಾಗಿದೆ, ಡಬ್ಬಿ ಕೊಡು."

ತಂಗಿ ತಟ್ಟೆಯಿಂದ ತಲೆ ಎತ್ತದೆ ಡಬ್ಬಿ ಚಾಚಿದಳು. "ತಗೋ."

ಅಕ್ಕ ತೆಗೆದುಕೊಳ್ಳಲಿಲ್ಲ. "ಏನಂದೆ?"

"ತಗೋ ಅಂದೆ. ಕೈ ನೋಯ್ತಿದೆ, ಹಿಡಿ."

"ಕೊಡ್ತಿರೋಳು ನೀನು. ಬಾಯಲ್ಲಿ ಬಂದದ್ದು ತಗೋ."

"ಮತ್ತೇನನ್ನಲಿ? 'ಕೊಟ್ಟೆ, ಕೊಟ್ಟೆ' ಅಂತ ಡಂಗುರ ಸಾರಲಾ?"

ಅಕ್ಕ ಎದ್ದು ಬಂದು ಎಂಜಲು ಕೈಯಲ್ಲೇ ತಂಗಿಯ ತಲೆ ಹಿಡಿದು ಹಣೆಗೆ ಮುತ್ತು ಕೊಟ್ಟಳು. ಮದುವೆ, ಮಕ್ಕಳು, ಬಡ್ತಿ ಯಾವುದೂ ಆಗದ ಅಕ್ಕ ಅಷ್ಟು ಖುಷಿಪಟ್ಟದ್ದನ್ನು ತಂಗಿ ಅದಕ್ಕೆ ಮುಂಚೆಯೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

ಅಕ್ಕ ಬರೆದ ಲೇಖನದ ಅಡಿಟಿಪ್ಪಣಿಯಲ್ಲಿ ಉಪ್ಪಿನ ಡಬ್ಬಿ ಬಂತು. ಮುಂದಿನ ಸಂಚಿಕೆಯಲ್ಲಿ ಪೂರ್ವಪಕ್ಷದ ಉತ್ತರವೂ ಬಂತು: ಉಪ್ಪಿನ ಡಬ್ಬಿಯಿಂದ ಧಾತುಗಳು ಹುಟ್ಟುವುದಿಲ್ಲ, ಅಡುಗೆಮನೆಯ ಸಾಕ್ಷಿ ಅಡುಗೆಮನೆಯಲ್ಲೇ ಇರಲಿ. ಅಕ್ಕ ಓದಿ ಹೊಟ್ಟೆ ಹುಣ್ಣಾಗುವಂತೆ ನಕ್ಕಳು. ತಂಗಿಗೆ ನಗು ಬರಲಿಲ್ಲ. ಲೋಕದ ಜ್ಞಾನಭಂಡಾರಕ್ಕೆ ಅವಳು ಕೊಟ್ಟದ್ದು ಅದೊಂದೇ, ಅದನ್ನೂ ಈ ಮನುಷ್ಯ ಗೇಲಿ ಮಾಡಿದ್ದರು. ಆ ಸಿಟ್ಟನ್ನು ಅವಳು ವರ್ಷಗಟ್ಟಲೆ ಆರದಂತೆ ಕಾಪಾಡಿಕೊಂಡು ಬಂದಳು.

ಅವತ್ತಿನಿಂದ ಮನೆಯಲ್ಲಿ ಆ ಮಾತೇ ಒಂದು ಆಟವಾಯಿತು. ಊಟವಾದ ಮೇಲೆ ಅಕ್ಕ ಕನ್ನಡಕ ಬಿಚ್ಚಿ, ಇತ್ತ ತಿರುಗದೆಯೇ ತಂಗಿಯ ಕಡೆಗೆ ಚಾಚಿ, "ತಗೋ," ಎಂದು ಎಳೆದು ಹೇಳುವಳು. ತಂಗಿ ಜೇಬಿನಲ್ಲಿರುತ್ತಿದ್ದ ಮೆತ್ತನೆಯ ಬಟ್ಟೆತುಂಡಿನಿಂದ ಗಾಜು ಒರೆಸಿ ಆ ಕೈಗೇ ಇಡುವಳು.

*

"ತಗೊಳ್ಳಿ," ಎಂದಳು ಕಾಯುವ ಕೋಣೆಯಲ್ಲಿ ತಂಗಿಯ ಎದುರಿಗೆ ಬಂದು ನಿಂತ ಹೆಂಗಸು. ವಾರ್ಡಿನ ನರ್ಸು, ಪಾಳಿ ಮುಗಿಸಿ ನೇರ ಬಂದಿದ್ದಳು. "ನನ್ನ ಕೋಟಿನ ಜೇಬಲ್ಲೇ ಉಳಿದುಬಿಟ್ಟಿತ್ತು. ಕ್ಷಮಿಸಿ."

ಅಕ್ಕನ ಕನ್ನಡಕ. ತಂಗಿ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ನಿನ್ನೆಯಿಂದ ಕೇಳಬೇಕೆಂದಿದ್ದ ಪ್ರಶ್ನೆಯನ್ನು ಆಗ ಕೇಳಿದಳು.

"ಕೊನೇಲಿ ಏನಾದ್ರೂ ಅಂದ್ಲಾ?"

"ಅಂದ್ರು. 'ಬಾಯಿ' ಅಂದ ಹಾಗೆ ಕೇಳಿಸ್ತು. ಬಾಯಿ ಒಣಗಿರಬೇಕು ಅಂತ ಹತ್ತಿ ಒದ್ದೆ ಮಾಡಿ ತುಟಿಗೆ ಒತ್ತಿದೆ. ಅಲ್ಲ ಅನ್ನೋ ಹಾಗೆ ತಲೆ ಆಡಿಸಿದ್ರು. ಮತ್ತೆ ಅಂದ್ರು. ಬಾಯಿ ಅಲ್ಲ, ಪಾಯಿ. ಯಾರದಾದ್ರೂ ಹೆಸರಾ ಅದು?"

ಹೆಸರಲ್ಲವೆಂದು ತಂಗಿ ತಲೆಯಾಡಿಸಿದಳು.

*

ನಿನ್ನೆ ಮಧ್ಯಾಹ್ನ ಅಕ್ಕ ನಿದ್ದೆ ಮಾಡಿದ ಹಾಗೆ ಕಂಡಳು. ಫ್ಲಾಸ್ಕು ಖಾಲಿಯಾಗಿತ್ತು. ಕೆಳಗಿನ ಕ್ಯಾಂಟೀನಿನಿಂದ ಬಿಸಿನೀರು ತರೋಣವೆಂದು ತಂಗಿ ಎದ್ದಳು.

"ಈಗ ಬಂದೆ," ಎಂದಳು.

ಅಕ್ಕ ಕಣ್ಣು ಮುಚ್ಚಿಕೊಂಡೇ ನಕ್ಕಳು. "ಇನ್ನೂ ಹೋಗೇ ಇಲ್ಲ, ಆಗಲೇ ಬಂದೆ ಅಂತೀಯ. ಎಂಥ ಭಾಷೆಯೇ ನಮ್ಮದು."

ಕ್ಯಾಂಟೀನಿನಲ್ಲಿ ನೀರು ಇನ್ನೂ ಕಾದಿರಲಿಲ್ಲ. ಕಾಯಲಿ ಎಂದು ತಂಗಿ ಅಲ್ಲೇ ನಿಂತಳು. ತುಂಬಿದ ಫ್ಲಾಸ್ಕು ಹಿಡಿದು ವಾಪಸು ಬಂದಾಗ ಮಂಚದ ಸುತ್ತ ಪರದೆ ಎಳೆದಿದ್ದರು.

*

ಕೊಡು ಅಂದಿದ್ದಾಳೆ. ನೀರು ಕೊಡು ಅಂದಳೋ, ಕೈ ಕೊಡು ಅಂದಳೋ. ಕೇಳಿದ್ದನ್ನು ಕೊಡಲು ಪಕ್ಕದಲ್ಲಿ ತಾನಿರಲಿಲ್ಲ. ಜೀವಮಾನವೆಲ್ಲ ಜೊತೆಗಿದ್ದು ಆ ಒಂದು ಗಳಿಗೆಯಲ್ಲಿ ತಾನು ಒಲೆಯ ಮುಂದೆ ನಿಂತಿದ್ದೆ ಎನ್ನುವುದನ್ನು ನುಂಗಿಕೊಳ್ಳಲು ತಂಗಿಯಿಂದ ಆಗಲಿಲ್ಲ. ಆದರೂ ಆ ಪದದ ಒಳಹೊರಗು ಬಲ್ಲವರು ಈ ಕೋಣೆಯಲ್ಲಿ ಒಬ್ಬರಿದ್ದರು. ಸಿಟ್ಟನ್ನು ಪಕ್ಕಕ್ಕಿಟ್ಟು, ನರ್ಸಿನ ಕೈ ಹಿಡಿದುಕೊಂಡೇ ಅವಳು ಕೊನೆಯ ಸಾಲಿಗೆ ಹೋದಳು.

"ನಿಮ್ಮಿಂದ ಒಂದು ಸಹಾಯ ಆಗಬೇಕು. ಕೊನೆಗಳಿಗೇಲಿ ಅಕ್ಕ 'ಪಾಯಿ' ಅಂದಳಂತೆ. ಏನು ಹಾಗಂದ್ರೆ?"

ಪೂರ್ವಪಕ್ಷ ಮೆಲ್ಲಗೆ ಎದ್ದು ನಿಂತರು. "'ಕೊಡು' ಅಂತ," ಎಂದವರು ಅವಳ ಮುಖ ನೋಡಿ ಅವಸರವಾಗಿ ಸೇರಿಸಿದರು. "ಆದರೆ ಅಲ್ಲಿ 'ಹೋಗು' ಅನ್ನೋದಕ್ಕೂ ಹೆಚ್ಚುಕಮ್ಮಿ ಇಂಥದ್ದೇ ಪದ ಇದೆ. ಪಾಯ್ಮಿ ಅಂದ್ರೆ 'ಹೋಗ್ತೀನಿ'. ಕೊನೆ ಅಕ್ಷರ ಇವರಿಗೆ ಕೇಳಿಸದೆ ಹೋಗಿರಬಹುದು. ಹಾಗೇ ಇರಬೇಕು."

"ನನ್ನ ಸಮಾಧಾನಕ್ಕೆ ಹೇಳ್ಬೇಡಿ. ಅಕ್ಕ ಒಂದು ದಿನವೂ 'ಹೋಗ್ತೀನಿ' ಅಂದವಳಲ್ಲ. ಬಾಗಿಲು ದಾಟುವಾಗೆಲ್ಲ 'ಬರ್ತೀನಿ' ಅಂತಲೇ ಹೋಗೋಳು."

"ಹೌದು," ಎಂದರು ಅವರು. "ಕಚೇರೀಲೂ ಹಾಗೇ." ಆಮೇಲೆ ಕನ್ನಡಕ ಸರಿಮಾಡಿಕೊಂಡು ನರ್ಸಿನ ಕಡೆ ತಿರುಗಿದರು. ಒಡೆದ ಹಲಗೆಯೊಂದನ್ನು ಬೆಳಕಿಗೆ ಹಿಡಿದು ನೋಡುವ ಎಚ್ಚರ ಅವರ ದನಿಯಲ್ಲಿತ್ತು. "ಬರೀ ಪದದಿಂದ ಏನೂ ಹೇಳೋಕಾಗಲ್ಲ ತಾಯಿ. ಹಿಂದೆ ಮುಂದೆ ಏನಿತ್ತು ಹೇಳಿ. ಅವರು ಏನಾದ್ರೂ ಬೇಕು ಅಂತ ಕೇಳಿದ ಹಾಗಿತ್ತಾ?"

ನರ್ಸು ಯೋಚಿಸಿದಳು. "ಇಲ್ಲ. ಕೇಳೋರ ಕೈ ಖಾಲಿ ಇರುತ್ತಲ್ವಾ? ಇವರ ಕೈಯಲ್ಲಿ ಕನ್ನಡಕ ಇತ್ತು. ತಾವೇ ಬಿಚ್ಚಿದ್ರು. ಮುಖ ಕಿಟಕಿ ಕಡೆಗಿತ್ತು. ಹೀಗೆ ಹಿಡಿದಿದ್ರು." ಅವಳು ಮುಖ ಆಚೆ ತಿರುಗಿಸಿ, ತೋಳನ್ನು ಪಕ್ಕಕ್ಕೆ ಚಾಚಿದಳು. "ನನಗಲ್ಲ, ನಾನು ಈ ಕಡೆ ಇದ್ದೆ. ಆ ಕಡೆ ಕುರ್ಚಿ ಇತ್ತಲ್ಲ, ಅಲ್ಲಿಗೆ. ಕೈ ನಡುಗ್ತಾ ಇತ್ತು, ಬಿದ್ದೀತು ಅಂತ ಸುತ್ತಿ ಹೋಗಿ ನಾನೇ ತಗೊಂಡೆ. ಆಮೇಲೆ ಕೈ ಇಳಿಸಿ ಸುಮ್ಮನಾದ್ರು."

ಆ ಕುರ್ಚಿ ತಂಗಿಯದು.

"ಒರೆಸೋಕೆ," ಎಂದಳು ಅವಳು. ಅಳು ಬಂದು ಮಾತು ತುಂಡಾಯಿತು. "ಒರೆಸೋಕೆ ನನಗೆ ಕೊಟ್ಟಿದ್ದು. ನಾನು ಅಲ್ಲೇ ಇದೀನಿ ಅಂದ್ಕೊಂಡಿದ್ಲು. ದಿನಾ ಹಾಗೇ ಚಾಚಿ 'ತಗೋ' ಅನ್ನೋಳು."

"ಹಾಗಾದ್ರೆ 'ಕೊಡು' ಅಂತ ಅರ್ಥ ಹೊಂದಲ್ಲ," ಎಂದರು ಪೂರ್ವಪಕ್ಷ, ತಮಗೆ ತಾವೇ ಹೇಳಿಕೊಳ್ಳುವವರಂತೆ. "ಕೊಡ್ತಿದ್ದೋರು ಅವರೇ. ಹೊಂದಬೇಕು ಅಂದ್ರೆ ಪದದ ಒಳಗೆ 'ತಗೋ'..." ಅಲ್ಲಿಗೆ ನಿಲ್ಲಿಸಿದರು. "ಒಂದೇ ಉದಾಹರಣೆಯಿಂದ ಏನೂ ಸಾಬೀತಾಗಲ್ಲ," ಎಂದೂ ಸೇರಿಸಿದರು. ಅಭ್ಯಾಸಬಲದ ಮಾತು ಅದು, ಅದರಲ್ಲಿ ಕಸುವಿರಲಿಲ್ಲ.

ಒಳಗಿನಿಂದ ಚಿತಾಗಾರದವನು ಬಂದು ಕರೆದ. "ಮನೆಯವರು ಬನ್ನಿ. ಗಾಜು, ಲೋಹ ಏನೂ ಒಳಗೆ ಬಿಡೋ ಹಾಗಿಲ್ಲಮ್ಮ. ಕನ್ನಡಕ ನಿಮ್ಮ ಹತ್ರವೇ ಇರಲಿ."

"ಒಂದು ನಿಮಿಷ," ಎಂದಳು ತಂಗಿ. ಜೇಬಿನಿಂದ ಬಟ್ಟೆತುಂಡು ತೆಗೆದು, ಬಾಯಿಂದ ಹಬೆಯೂದಿ, ಎರಡೂ ಗಾಜು ಒರೆಸಿದಳು. ಪೆಟ್ಟಿಗೆಯ ಮೇಲೆ ಬಗ್ಗಿ ಕನ್ನಡಕವನ್ನು ಆ ಗುರುತುಗಳ ಮೇಲೆ ಸರಿಯಾಗಿ ಕೂರಿಸಿದಳು. ಈಗ ಅಕ್ಕ ಅಕ್ಕನ ಹಾಗೆ ಕಂಡಳು. ಕಣ್ತುಂಬ ನೋಡಿ, ಮತ್ತೆ ತೆಗೆದುಕೊಂಡಳು. ಚಿತಾಗಾರದವನು ಅವಸರ ಮಾಡಲಿಲ್ಲ. ಮುಚ್ಚಳ ಹಾಕಿ, ಪೆಟ್ಟಿಗೆಯನ್ನು ಹಳಿಯ ಮೇಲೆ ಒಳಕ್ಕೆ ತಳ್ಳಿದ.

ಪೂರ್ವಪಕ್ಷ ಪಕ್ಕದಲ್ಲಿ ಬಂದು ನಿಂತಿದ್ದರು. ಅವರ ದಪ್ಪ ಗಾಜುಗಳು ಒದ್ದೆಯಾಗಿದ್ದವು. ಕನ್ನಡಕ ಬಿಚ್ಚಿ ಕರವಸ್ತ್ರಕ್ಕಾಗಿ ಆ ಜೇಬು ಈ ಜೇಬು ತಡಕಾಡಿದರು. ತಂಗಿ ಕೈ ಮುಂದೆ ಮಾಡಿದಳು. ಅವರು ಮುಚ್ಚಿಕೊಳ್ಳುತ್ತಿದ್ದ ಕಬ್ಬಿಣದ ಬಾಗಿಲ ಮೇಲಿಂದ ಕಣ್ಣು ಕೀಳದೆ, ಕನ್ನಡಕವನ್ನು ಅವಳತ್ತ ಚಾಚಿದರು.

"ತಗೊಳ್ಳಿ," ಎಂದರು.

ಎಂದಮೇಲೆ ಅವರಿಗೆ ತಮ್ಮ ಮಾತು ಕೇಳಿಸಿತು. ಕನ್ನಡಕ ಆಗಲೇ ತಂಗಿಯ ಕೈ ಸೇರಿತ್ತು. ಅವಳು ತಲೆ ತಗ್ಗಿಸಿ ಒರೆಸತೊಡಗಿದ್ದಳು. ಅವರ ಖಾಲಿ ಕೈ ಮಾತ್ರ, ಬೆರಳು ಬಿಚ್ಚಿಕೊಂಡು, ಹಾಗೇ ಗಾಳಿಯಲ್ಲಿ ನಿಂತಿತ್ತು.