ಅತ್ತೆಯ ಬೆಳ್ಳಿ ಕರಡಿಗೆ

ನಮ್ಮ ಯಜಮಾನರು ಚನ್ನಗಿರಿಯಲ್ಲಿ ಜೀವಮಾನವೆಲ್ಲ ತತ್ವಶಾಸ್ತ್ರ ಪಾಠ ಮಾಡಿದವರು. ಕಣ್ಣು, ಕಿವಿ ಮೋಸ ಮಾಡುತ್ತವೆ, ಬುದ್ಧಿಯೊಂದೇ ನಿಜವಾದ ಜ್ಞಾನ ಕೊಡುತ್ತದೆ ಎಂಬುದು ಅವರ ಸಿದ್ಧಾಂತ. ಅದನ್ನು ಕಾಲೇಜಿನಲ್ಲೇ ಬಿಟ್ಟು ಬಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಸಾರಿಗೆ ಉಪ್ಪು ಜಾಸ್ತಿಯಾಯಿತಾ ಎಂದು ಕೇಳಿದರೆ, ರುಚಿ ನೋಡದೆಯೇ, ಆಗಿರಲು ಸಾಧ್ಯವಿಲ್ಲ ಎನ್ನುವ ಆಸಾಮಿ.

ಹೋದ ತಿಂಗಳು ಅತ್ತೆ ಲಿಂಗೈಕ್ಯರಾದರು. ನಮ್ಮಲ್ಲಿ ಇಷ್ಟಲಿಂಗವನ್ನು ಅಂಗೈಗಿಟ್ಟು, ಕೂರಿಸಿ ಮಣ್ಣು ಮಾಡುತ್ತಾರೆ. ಲಿಂಗವಿರುತ್ತಿದ್ದ ಬೆಳ್ಳಿ ಕರಡಿಗೆ ಮಾತ್ರ ಮನೆಗೆ ವಾಪಸ್ ಬರುತ್ತದೆ. ಮಾರನೇ ದಿನ ನೋಡಿದರೆ ಕರಡಿಗೆ ಇಲ್ಲ.

ಯಜಮಾನರು ಕುರ್ಚಿಯಿಂದ ಏಳಲಿಲ್ಲ, ಒಂದು ಕಪಾಟು ತೆಗೆದು ನೋಡಲಿಲ್ಲ. "ಅಮ್ಮನ ಕೋಣೆಗೆ ಹೋಗೋರು ಮೂರೇ ಜನ. ನಾನು ತಗಂಡಿಲ್ಲ, ನೀನು ತಗಂಡಿಲ್ಲ. ಉಳಿದೋಳು ಪವಿತ್ರ. ಎರಡಕ್ಕೆರಡು ಸೇರಿದ್ರೆ ನಾಲ್ಕು ಅನ್ನಾಕೆ ಸಾಕ್ಷಿ ಬೇಕೇನು?"

ಪವಿತ್ರ ತ್ಯಾವಣಿಗೆಯ ಹುಡುಗಿ. ಹಾಸಿಗೆ ಹಿಡಿದ ಅತ್ತೆಯ ಹೇಲು ಉಚ್ಚೆ ಬಾಚಿದವಳು. "ಅವ್ಳು ಅಂಥೋಳಲ್ಲ ಕಣ್ರೀ" ಎಂದು ಗಂಟಲು ಹರಿದುಕೊಂಡೆ.

"ಅದು ನಿನ್ನ ಭಾವನೆ, ಜ್ಞಾನ ಅಲ್ಲ" ಎಂದರು. ಬೀದಿಯವರ ಎದುರಿಗೇ ಅವಳ ಬ್ಯಾಗನ್ನು ನೆಲಕ್ಕೆ ಸುರಿಸಿದರು. ಏನೂ ಸಿಗಲಿಲ್ಲ. ಅದಕ್ಕೂ ಉತ್ತರ ಸಿದ್ಧವಿತ್ತು: "ಹಂಗಾರೆ ಬೇರೆ ಕಡೆ ಇಟ್ಟವಳೆ."

ಮುದುಕರನ್ನು ನೋಡಿಕೊಳ್ಳುವ ಕೆಲಸ ನಂಬಿಕೆಯ ಮೇಲೆ ಸಿಗುವಂಥದ್ದು, ಅದೇ ಅವಳ ಅನ್ನ. ಸುದ್ದಿ ಕಿವಿಗೆ ಬಿದ್ದು, ಬಸವಾಪಟ್ಟಣದಲ್ಲಿ ಅವಳನ್ನು ಕೆಲಸಕ್ಕೆ ಒಪ್ಪಿಕೊಂಡಿದ್ದ ಮನೆಯವರು ಬರಬೇಡ ಎಂದುಬಿಟ್ಟರು.

ನಿನ್ನೆ ನ್ಯಾಮತಿಯಿಂದ ನನ್ನ ತಮ್ಮ ಕಲ್ಲೇಶ್ ಸಮಾಧಿಯ ವಿಡಿಯೋ ಕಳಿಸಿದ. ನೋಡಿ ನನ್ನ ಮೈಯೆಲ್ಲ ಉರಿದುಹೋಯಿತು. ಗುಣಿಯೊಳಗೆ ಇಳಿದಿದ್ದ ನಮ್ಮ ತರ್ಕಪಂಡಿತರು ಅಳುತ್ತಾ ಲಿಂಗವನ್ನು ತಾಯಿಯ ಅಂಗೈಗಿಟ್ಟು, ಕರಡಿಗೆಯನ್ನು ಮಡಿಲಲ್ಲೇ ಬಿಟ್ಟು, ಮೇಲೆ ಬಿಲ್ವಪತ್ರೆ ಸುರಿಯುತ್ತಿದ್ದಾರೆ!

ಮೊಬೈಲನ್ನು ಅವರ ಮುಖಕ್ಕೆ ಹಿಡಿದೆ. ನೋಡಿದರು, ಮತ್ತೆ ನೋಡಿದರು. "ತರ್ಕ ಸರಿಯಾಗೇ ಇತ್ತು. ಹಿಡಿದ ಆಧಾರ ತಪ್ಪಿತ್ತು, ಅಷ್ಟೇ."

"ಅಷ್ಟೇನಾ? ನಾಚಿಕೆ ಆಗಲ್ವೇನ್ರೀ ನಿಮಗೆ! ಏಳ್ರಿ, ಬೈಕ್ ತೆಗೀರಿ."

ತ್ಯಾವಣಿಗೆಯಲ್ಲಿ ಪವಿತ್ರ ಬಾಗಿಲಿಗೆ ಬಂದಳು, ಒಳಗೆ ಕರೆಯಲಿಲ್ಲ. ಯಜಮಾನರು ವಿಡಿಯೋ ತೋರಿಸಿದರು. "ತಪ್ಪಾತಮ್ಮ. ನೀನು ತಗಂಡಿಲ್ಲ ಅಂತ ಈಗ ಗೊತ್ತಾತು."

"ಈ ವಿಡಿಯೋ ಇಲ್ದೇ ಇದ್ದಿದ್ರೆ, ಸಾರ್?"

ಅವರು ಮೊಬೈಲನ್ನು ನನ್ನ ಕೈಗೆ ಕೊಟ್ಟರು.

"ಹೇಳ್ರೀ! ಅಕ್ಕಪಕ್ಕದೋರೂ ಕೇಳಿಸ್ಕಳ್ಳಲಿ" ಎಂದು ಕೂಗಿದೆ. ಅವರು ನೆಲ ನೋಡುತ್ತ ನಿಂತರು. ಪವಿತ್ರ ಸ್ವಲ್ಪ ಹೊತ್ತು ಕಾದಳು, ಆಮೇಲೆ ಬಾಗಿಲು ಹಾಕಿಕೊಂಡಳು.