ಮೂರಲ್ಲ, ಐದು

೨೦೨೨ರ ಮಾರ್ಚ್ ೧೫, ಮಂಗಳವಾರ, ಬೆಳಿಗ್ಗೆ ಏಳು ಗಂಟೆ ನಲವತ್ತು ನಿಮಿಷ. ಇಂಡೋನೇಷ್ಯಾದ ಕ್ಲಾತೆನ್ ಸೀಮೆಯ ಒಂದು ಸಣ್ಣ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ರೆತ್ನಾ ಇಸಿಜಿ ಹಾಳೆಯನ್ನು ಹರಿದು ಡಾಕ್ಟರ್ ತಿಗೋರ್ ಕೈಗಿತ್ತಳು. ಮಂಚದ ಮೇಲೆ ಎದೆನೋವೆಂದು ಬಂದ ಪಾಕ್ ವಾಗಿರಾನ್, ಸೋಯಾಕಾಳು ಹುದುಗಿಸಿ ಟೆಂಪೆ ಎಂಬ ಬಿಲ್ಲೆ ಮಾಡಿ ಮಾರುವವನು. ಪಕ್ಕದಲ್ಲಿ ಹೆಂಡತಿ ಸುತಿನೆಮ್. ಅಲ್ಲಿ ಹಿರಿಯ ಗಂಡಸರನ್ನು ಪಾಕ್, ಹೆಂಗಸರನ್ನು ಬು, ಡಾಕ್ಟರನ್ನು ದೊಕ್ ಎಂದು ಕರೆಯುತ್ತಾರೆ.

ತಿಗೋರ್ ದೂರದ ಮೇದಾನ್ ಕಡೆಯ ಹುಡುಗ, ದೊಡ್ಡ ದನಿ. ಎದೆನೋವಿನ ಅಪಾಯ ಅಳೆಯುವ ಅಂಕಪಟ್ಟಿ ಮುಂದಿಟ್ಟುಕೊಂಡ. ಐದು ಸಾಲು, ಸಾಲಿಗೆ ಸೊನ್ನೆಯಿಂದ ಎರಡು. ಒಟ್ಟು ಮೂರರವರೆಗೆ ಇದ್ದರೆ ಮನೆಗೆ, ನಾಲ್ಕೋ ಹೆಚ್ಚೋ ಆದರೆ ಬಿಡುವಂತಿಲ್ಲ.

"ವಯಸ್ಸು ಐವತ್ತೆಂಟು, ಒಂದು. ಸಿಗರೇಟು, ಬಿಪಿ, ಸಕ್ಕರೆ ಮೂರೂ ಇವೆ, ಎರಡು. ಇಸಿಜಿ ಚೆನ್ನಾಗಿದೆ, ಸೊನ್ನೆ. ರಕ್ತಪರೀಕ್ಷೆಯೂ ಸೊನ್ನೆ." ಉಳಿದದ್ದು ನೋವಿನ ಬಗೆ. ಅಂಗಿಯೊಳಗೆ ಕೈ ಹಾಕಿ ಎದೆ ಒತ್ತಿದ. ವಾಗಿರಾನ್ ಚೀರಿದ. "ಒತ್ತಿದ್ರೆ ನೋಯತ್ತೆ ಅಂದ್ರೆ ಮಾಂಸಖಂಡದ್ದು. ಸೊನ್ನೆ. ಒಟ್ಟು ಮೂರು. ಮನೆಗೆ ಹೋಗಿ, ಪಾಕ್."

"ಬರೀ ಗಾಳಿ ಹೊಕ್ಕಿರೋದು ಅಂತ ಬಡ್ಕೊಂಡೆನಲ್ಲ! ಅಲ್ಲಿ ಸೋಯಾ ನೆನೆದು ಊದ್ಕೊಂಡಿದೆ," ಎಂದ ವಾಗಿರಾನ್.

"ಸೋಯಾಗಿಂತ ನೀವೇ ಜಾಸ್ತಿ ಊದ್ಕೊಂಡಿದ್ದೀರಿ, ಸುಮ್ನಿರಿ," ಎಂದಳು ಸುತಿನೆಮ್.

ಅವನು ಗುಂಡಿ ಹಾಕಿಕೊಳ್ಳುವಾಗ ರೆತ್ನಾಳ ಕಣ್ಣಿಗೆ ಎದೆಯ ಕೆಂಪು ಗೆರೆಗಳು ಬಿದ್ದವು, ಪಕ್ಕೆಲುಬಿನುದ್ದಕ್ಕೂ ಬಾಚಣಿಗೆ ಎಳೆದ ಹಾಗೆ. ಎಣ್ಣೆ ಹಚ್ಚಿ ನಾಣ್ಯದಿಂದ ಉಜ್ಜಿದ್ದು. ಇಸಿಜಿಯ ಬಿಲ್ಲೆ ಅಂಟಿಸುವಾಗಲೂ ಅವು ಅಲ್ಲೇ ಇದ್ದವು. ಮೈಯಲ್ಲಿ ಗಾಳಿ ಹೊಕ್ಕಿತೆಂದರೆ ಅವಳ ಮನೆಯಲ್ಲೂ ಅದೇ ಮದ್ದು. ಎಲ್ಲರ ಮೈಮೇಲೂ ಇರುವುದನ್ನು ಯಾರು ನೋಡುತ್ತಾರೆ? ಉಜ್ಜಿಸಿಕೊಂಡ ಮೇಲೆ ಎರಡು ದಿನ ಅಂಗಿ ತಾಗಿದರೂ ಉರಿ.

ರೋಗಿಯೆದುರು ಡಾಕ್ಟರಿಗೆ ಎದುರಾಡಿದವಳಲ್ಲ ರೆತ್ನಾ, ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ. ಆದರೆ ವಾಗಿರಾನ್ ಆಗಲೇ ಬೈಕಿನ ಕೀಲಿ ಹುಡುಕುತ್ತಿದ್ದ. ಅವಳು ಸುತಿನೆಮ್ ಕಡೆ ತಿರುಗಿದಳು.

"ಬು, ಯಾವಾಗ ಉಜ್ಜಿದ್ರಿ?"

"ಆರು ಗಂಟೆಗೆ. ಮೂಟೆ ಎತ್ತೋಕೆ ಹೋಗಿ ಎದೆ ಹಿಂಡತ್ತೆ ಅಂತ ಕೂತ್ಬಿಟ್ರು. ಜೋಳದ ಕಾಳಿನಷ್ಟು ದಪ್ಪ ಬೆವರು. ದವಡೆಗೂ ಎಳೀತಿತ್ತಂತೆ. ಆಮೇಲೇ ನಾಣ್ಯ ತಗೊಂಡಿದ್ದು."

"ಅದಕ್ಕೂ ಮೊದಲು ಮುಟ್ಟಿದ್ರೆ ನೋಯ್ತಿತ್ತಾ?"

"ಇಲ್ಲ. ನೋವೆಲ್ಲ ಒಳಗೇ."

ರೆತ್ನಾ ಅಂಕಪಟ್ಟಿಯನ್ನು ಮೆಲ್ಲಗೆ ತಿಗೋರ್ ಮುಂದೆ ಸರಿಸಿದಳು. "ದೊಕ್, ನೀವು ಒತ್ತಿದ್ದು ನಾಣ್ಯ ಉಜ್ಜಿದ ಜಾಗವನ್ನ."

ತಿಗೋರ್ ಅಂಗಿ ಸರಿಸಿ ನೋಡಿದ. ಕಿವಿ ಕೆಂಪಾಯಿತು. "ನಮ್ಮಮ್ಮನೂ ಉಜ್ಜೋರು, ಬು ರೆತ್ನಾ. ಬೆನ್ನಿಗೆ." ಹಿಂಡುವ ನೋವು, ಬೆವರು, ದವಡೆಯ ಎಳೆತ, ಎಲ್ಲವೂ ಹೃದಯದ್ದೇ ಲಕ್ಷಣ; ನೋವಿನ ಸಾಲಿನ ಸೊನ್ನೆ ಹೊಡೆದುಹಾಕಿ ಎರಡು ಬರೆದ. "ಮೂರಲ್ಲ, ಐದು. ಪಾಕ್, ಮಲಗಿ!"

"ಗಾಳಿಗೂ ಮಾರ್ಕ್ಸ್ ಕೊಡ್ತೀರಾ, ದೊಕ್?"

"ನಿಮ್ಮ ಗಾಳಿಗೆ ಪೂರ್ತಿ ಮಾರ್ಕ್ಸ್. ಕೀಲಿ ಇಲ್ಲಿ ಕೊಡಿ."

ಐದು ಬಂದರೆ ಮತ್ತೆ ಇಸಿಜಿ ತೆಗೆಯಲೇಬೇಕು. ಎಂಟು ಗಂಟೆಯ ಎರಡನೇ ಹಾಳೆಯಲ್ಲಿ ಮೂರು ಕಡೆ ಗೆರೆ ಗುಡ್ಡದಂತೆ ಎದ್ದಿತ್ತು, ಹೃದಯಾಘಾತದ ಗುರುತು. ವಾಗಿರಾನ್ ಆಸ್ಪಿರಿನ್ ಜಗಿಯುತ್ತಿರುವಾಗಲೇ ಆಂಬುಲೆನ್ಸ್ ಸೋಲೊ ನಗರದ ದೊಡ್ಡಾಸ್ಪತ್ರೆಯ ಕಡೆ ಹೊರಟಿತು. ಜೊತೆಗೆ ರೆತ್ನಾ. ದಾರಿಯಲ್ಲಿ ಕಾರ್ತಸುರ ಊರು ದಾಟುವಾಗ ಅವನ ಹೃದಯ ತಾಳ ತಪ್ಪಿ ಬರೀ ನಡುಗತೊಡಗಿತು. ಬೈಕಿನ ಮೇಲಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ರೆತ್ನಾ ಕೊಟ್ಟ ಒಂದೇ ವಿದ್ಯುದಾಘಾತಕ್ಕೆ ಅದು ತಾಳಕ್ಕೆ ಮರಳಿತು. ಕಣ್ಣು ಬಿಟ್ಟವನೇ, "ಯಾರ್ರೀ ಒದ್ದಿದ್ದು?" ಎಂದ.

ಒಂಬತ್ತು ಐವತ್ತಕ್ಕೆ ಸೋಲೊದ ಡಾಕ್ಟರರು ಅವನ ಮುಚ್ಚಿದ ರಕ್ತನಾಳ ತೆರೆದರು. ಫೋನಿನಲ್ಲಿ ಸುದ್ದಿ ಕೇಳಿ ತಿಗೋರ್ ಹಾಕಿದ ಕೇಕೆಗೆ, ಏನೆಂದು ತಿಳಿಯದಿದ್ದರೂ, ಸರದಿಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಮರುದಿನ ಅಂಕಪಟ್ಟಿಯ ತಲೆಯ ಮೇಲೆ ಅವನ ಕೈಬರಹದ ಚೀಟಿಯಿತ್ತು: ಒತ್ತುವ ಮೊದಲು ಅಂಗಿ ಬಿಚ್ಚಿಸಿ, ನೋವು ಮೊದಲೋ ನಾಣ್ಯ ಮೊದಲೋ, ಬು ರೆತ್ನಾ ಕೇಳಿದಂತೆ ಕೇಳಿ.

ಆರು ವಾರಕ್ಕೆ ವಾಗಿರಾನ್ ಬಾಳೆಲೆಯಲ್ಲಿ ಸುತ್ತಿದ ಟೆಂಪೆಯನ್ನೂ ಹೃದಯದ ಸ್ಕ್ಯಾನ್ ವರದಿಯನ್ನೂ ತಂದು ಅವಳ ಮೇಜಿನ ಮೇಲಿಟ್ಟ. "ಈ ಸಲ ಎಷ್ಟು ಮಾರ್ಕ್ಸ್, ಬು?"

"ಇದ್ರಲ್ಲಿ ಐವತ್ತು ದಾಟಿದ್ರೆ ಗಟ್ಟಿ ಹೃದಯ, ಪಾಕ್," ಎಂದು ರೆತ್ನಾ ಕೊನೆಯ ಸಾಲನ್ನು ಗಟ್ಟಿಯಾಗಿ ಓದಿದಳು. ಪ್ರತಿ ಬಡಿತಕ್ಕೆ ಹೃದಯದ ಎಡ ಕೋಣೆ ಹೊರಹಾಕುತ್ತಿರುವ ರಕ್ತ: ಶೇಕಡ ೫೪.