ಗುರುಶಾಂತನ ನಾಲಿಗೆ

ಯಾರ ಮನೆಗೆ ಹೋದರೂ ಗುರುಶಾಂತ ಮೊದಲು ಕ್ಷೇಮಸಮಾಚಾರ ಕೇಳುತ್ತಿರಲಿಲ್ಲ; ಹೊಸ್ತಿಲಲ್ಲೇ ನಿಂತು, ಕತ್ತನ್ನು ತುಸು ಮುಂದಕ್ಕೆ ಚಾಚಿ, ಕಣ್ಣು ಮುಚ್ಚಿ, ಒಳಗಿನ ಗಾಳಿಯನ್ನೊಮ್ಮೆ ದೀರ್ಘವಾಗಿ ಎಳೆದುಕೊಂಡು, "ಒಗ್ಗರಣಿ ಹೊತ್ತೇತ್ರಿ" ಎಂದು ತೀರ್ಪು ಕೊಟ್ಟ ಮೇಲೆಯೇ ಚಪ್ಪಲಿ ಕಳಚುತ್ತಿದ್ದ. ಇಂಥವನನ್ನು ಯಾವ ಗೃಹಿಣಿ ತಾನೇ ಎರಡನೆಯ ಸಲ ಊಟಕ್ಕೆ ಕರೆದಾಳು! ನಾರಾಯಣಗೂಡದಲ್ಲಿ ನಮ್ಮ ಕೆಳಗಿನ ಮನೆಯಲ್ಲೇ ಒಂಟಿಯಾಗಿದ್ದರೂ ನನ್ನ ಹೆಂಡತಿ ಅವನನ್ನು ಕರೆಯುತ್ತಿರಲಿಲ್ಲ.

ಅವನ ಉದ್ಯೋಗವೂ ಅವನಷ್ಟೇ ವಿಚಿತ್ರ. ಹೈಟೆಕ್ ಸಿಟಿಯಲ್ಲಿ ಗಾಜಿನ ಕಟ್ಟಡಗಳು ಮೇಲಿಂದ ಮೇಲೆ ಏಳುತ್ತಿದ್ದ ಕಾಲ. ಕಂಪ್ಯೂಟರ್ ಹುಡುಗರಿಗೆ ಬಿರಿಯಾನಿಯ ಜೊತೆಗೂ ವೈನ್ ಬೇಕೆನ್ನಿಸಿತ್ತು. ಅಲ್ಲಿನ ದೊಡ್ಡ ಹೋಟೆಲೊಂದರಲ್ಲಿ, ಮೊಣಕೈ ಸವೆದ ಕಂದು ಕೋಟು ತೊಟ್ಟು ಮೇಜಿನಿಂದ ಮೇಜಿಗೆ ಹೋಗಿ, ಮಿರ್ಚಿ ಸಾಲನ್ ಎಂಬ ಮೆಣಸಿನಕಾಯಿ ಗೊಜ್ಜಿನ ಖಾರಕ್ಕೆ ತುಸು ಸಿಹಿಯಾದ ತಣ್ಣನೆಯ ಬಿಳಿ ವೈನು, ಬಗಾರಾ ಬದನೆಗೆ ಹಗುರವಾದ ಕೆಂಪು, ಎಂದು ಭಕ್ತಿಯಿಂದ ವಿವರಿಸುತ್ತಿದ್ದವನು ಆಳಂದದ ಈ ಲಿಂಗವಂತ. ಆ ಹುಡುಗರು ಫೋನಿನಲ್ಲಿ ಮಾತಾಡುತ್ತಲೇ ಗುಟುಕರಿಸಿ ಎದ್ದುಹೋಗುತ್ತಿದ್ದರು.

"ನಾ ನುಂಗಂಗಿಲ್ರಿ. ಬಾಯಿಗೆ ಹಾಕ್ಕೊಂಡು ಉಗಳೋ ನೌಕರಿ ನಂದು" ಎಂದು ನಗುತ್ತಿದ್ದ, ನಕ್ಕು ಮುಗಿಸಿ, "ಉಣ್ಣೋ ಮಂದಿ ಭಾಳ ಅದಾರ್ರಿ, ರುಚಿ ನೋಡೋರು ಒಬ್ರೂ ಇಲ್ಲ" ಎನ್ನುತ್ತಿದ್ದ.

ಆ ನಗೆ ಅಂಬವ್ವನ ಮುಂದೆ ನಡೆಯುತ್ತಿರಲಿಲ್ಲ. ತಾಯಿ ತೀರಿಕೊಂಡ ಮೇಲೆ ಅವನನ್ನು ಸಾಕಿದ ಅಕ್ಕ ಆಕೆ. ವರ್ಷಕ್ಕೊಮ್ಮೆ ಕಣ್ಣು ತೋರಿಸಲು ಬಂದಾಗಲೆಲ್ಲ ತನ್ನ ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿಯನ್ನು ತಾನೇ ಕಟ್ಟಿಕೊಂಡು ಬರುತ್ತಿದ್ದಳು. "ಎದಿಮ್ಯಾಲ ಲಿಂಗ, ಬಾಯಾಗ ಸೆರಿ. ನಿನ್ನ ಕೈಯಾಗಿಂದು ನಾ ಹ್ಯಾಂಗ ಉಣ್ಲಿ?" ಊರಿಗೆಲ್ಲ ಉಣ್ಣಲು ಕಲಿಸುತ್ತಿದ್ದವನಿಗೆ ಅಕ್ಕನೊಬ್ಬಳು ತನ್ನ ಅಡುಗೆ ಉಂಡರೆ ಸಾಕಿತ್ತು.

ಒಂದು ಎಳ್ಳಮಾವಾಸ್ಯೆಗೆ ಆಕೆ ಹೇಗೋ ಒಪ್ಪಿದಳು. ಮನೆಯಲ್ಲಿ ಒಂದೂ ಸೀಸೆ ಇರಕೂಡದು, ಅಷ್ಟೇ. ಗುರುಶಾಂತ ವೈನನ್ನೆಲ್ಲ ಸಾಗಿಸಿ, ನೆಲ ತೊಳೆದು, ಹೊಸ ಪಾತ್ರೆ ತಂದು, ನಾನಾ ಸೊಪ್ಪು, ಹಸಿಕಾಳು ಕೂಡಿಸಿ ಹಬ್ಬದ ಭಜ್ಜಿ ಕುದಿಸಿದ. ನನ್ನನ್ನೂ ಕರೆದ. ಅಂಬವ್ವ ಸಜ್ಜೆ ರೊಟ್ಟಿ ಮುರಿದು, ಭಜ್ಜಿಯಲ್ಲದ್ದಿ ಬಾಯಿಗಿಟ್ಟು, ಥೇಟ್ ತಮ್ಮನ ಹಾಗೆಯೇ ಕಣ್ಣು ಮುಚ್ಚಿದಳು.

"ಅವ್ವ ಮಾಡಿದಂಗೇ ಅದಲ್ಲೋ! ಆದ್ರ ಹುಳಿ ಬ್ಯಾರೆ ಅದ. ಬರೇ ಹುಣಸಿ ಅಲ್ಲ ಇದು. ಏನ್ ಹಾಕೀದಿ?"

ಗುರುಶಾಂತನ ಮುಖ ಅಷ್ಟು ಅರಳಿದ್ದನ್ನು ನಾನು ಅದುವರೆಗೂ ಕಂಡಿರಲಿಲ್ಲ. "ಹುಣಸಿ ಸಾಲಲಿಲ್ಲಕ್ಕ, ಒಂದು ಚಮಚ ಸಿರ್ಕಾ ಬಿಟ್ಟೆ. ಪ್ಯಾಟಿದಲ್ಲ, ನಾನೇ ಮಾಡಿದ್ದು. ಉಳಿದ ಕೆಂಪು ವೈನ್ ಹುಳಿ ಬರಿಸಿ..." ನಾನು ಕಣ್ಸನ್ನೆ ಮಾಡಿದೆ, ಅವನು ಎಲ್ಲಿ ನೋಡುತ್ತಾನೆ! ಹುಳಿಗೆ ತಿರುಗಿ ವಿನೆಗರ್ ಆದ ವೈನು ಅವನ ಪಾಲಿಗೆ ವೈನೇ ಅಲ್ಲ, ಹುಳಿ, ಅಷ್ಟೇ. ಅರ್ಧ ಮಾತಿನಲ್ಲಿ ತಾನು ಹೇಳುತ್ತಿದ್ದುದು ತನಗೇ ಕೇಳಿಸಿ, ಕೈಯ ಸೌಟು ಕೆಳಗಿಟ್ಟ.

ಅಂಬವ್ವ ಬೈಯಲಿಲ್ಲ. ತಟ್ಟೆ ಸರಿಸಿ, ಬಾಯಿ ಮುಕ್ಕಳಿಸಿ, ಸೆರಗು ಹೊದ್ದು, "ಬಸ್ಸಿಗೆ ಹೊತ್ತಾತು ತಮ್ಮಾ" ಎಂದಳು. ಆಮೇಲೆ ಕಣ್ಣಿನ ಚಿಕಿತ್ಸೆಗೆ ಆಕೆ ಸೊಲ್ಲಾಪುರಕ್ಕೆ ಹೋಗತೊಡಗಿದಳೆಂದು ಕೇಳಿದೆ.

ನನಗೆ ತಡೆಯಲಾಗಲಿಲ್ಲ. "ಹುಣಸೆಹಣ್ಣೇ ಎಂದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತಯ್ಯಾ?" ಎಂದು ರೇಗಿದೆ.

"ಇಷ್ಟು ವರ್ಷದಾಗ ಯಾರೂ ಕೇಳಿದ್ದಿಲ್ಲರಿ. ಆಕಿ ಒಬ್ಬಾಕಿ ಕೇಳಿದ್ಲು" ಎಂದ.

ಸೂಕ್ಷ್ಮವಾದ ರುಚಿ ಪಡೆದು ಬಂದವರೆಲ್ಲ ಹೀಗೆಯೇ ಏನೋ. ತಮ್ಮ ಕೈಯ ಹದವನ್ನು ಗುರುತಿಸುವ ಒಂದು ಜೀವಕ್ಕಾಗಿ ಆಯುಷ್ಯವೆಲ್ಲ ಕಾಯುತ್ತಾರೆ. ಆ ಜೀವ ಎದುರಿಗೆ ಕೂತು ಕೇಳಿದ ಗಳಿಗೆಯಲ್ಲಿ, ಸಂತೋಷ ತಾಳಲಾರದೆ ಎಲ್ಲವನ್ನೂ ಹೇಳಿಬಿಡುತ್ತಾರೆ. ಮತ್ತೆ ಒಬ್ಬರೇ ಕೂತು ಉಣ್ಣುತ್ತಾರೆ.